ಸಿಂಗಾಪುರ ಒಬ್ಬರು ಮಾಡಿದ್ದಲ್ಲ, ಒಂದೇ ಸಲ ಆಗಿದ್ದೂ ಅಲ್ಲ

ಎಸ್.ಎಂ. ಕೃಷ್ಣ ಸಿಎಂ ಆಗಿದ್ದ ಕಾಲದಿಂದ ನಮ್ಮಲ್ಲಿ ಒಂದು ಮಾತು ಓಡಾಡ್ತಾನೇ ಇದೆ, ಬೆಂಗಳೂರನ್ನ ಸಿಂಗಾಪುರ ಮಾಡ್ತೀವಿ ಅಂತ. ಒಂದು ಜೋರು ಮಳೆ ಬಂದು ಅಂಡರ್‌ಪಾಸ್ ತುಂಬ್ಕೊಂಡ್ರೆ ಸಾಕು, ಜನ ಆ ಮಾತು ಎತ್ಕೊಂಡು ಆಡ್ಕೊಂಡು ನಗ್ತಾರೆ. ನಗೋದು ಸರಿ, ಆದ್ರೆ ಆ ಸಿಂಗಾಪುರ ಹೆಂಗಾಯ್ತು ಅಂತ ಕೇಳಿದ್ರೆ ಎಲ್ಲರ ಹತ್ರಾನೂ ಇರೋದು ಒಂದೇ ಕಥೆ: ಅಲ್ಲೇನೂ ಇರಲಿಲ್ಲ, ಮೀನು ಹಿಡಿಯೋರ ಒಂದು ಹಳ್ಳಿ, ಲೀ ಕ್ವಾನ್ ಯೂ ಅಂತ ಒಬ್ಬ ಸ್ಟ್ರಿಕ್ಟ್ ಮನುಷ್ಯ ಬಂದ, ಉಗುಳಿದ್ರೆ ಫೈನ್ ಹಾಕ್ದ, ಮೂವತ್ತು ವರ್ಷದಲ್ಲಿ ಅಮೆರಿಕ ಮಾಡ್ಬಿಟ್ಟ.

ಈ ಕಥೇಲಿ ಫೈನ್ ಹಾಕಿದ್ದೊಂದು ನಿಜ. 1965ರಲ್ಲಿ ದೇಶ ಆದಾಗ ಅದು ಹಳ್ಳಿ ಆಗಿರಲಿಲ್ಲ, ಏಷ್ಯಾದ ದೊಡ್ಡ ದೊಡ್ಡ ಬಂದರುಗಳಲ್ಲಿ ಒಂದು, ಹತ್ತೊಂಬತ್ತು ಲಕ್ಷ ಜನ ಇದ್ರು. ಮತ್ತೆ ಹೊಸ ಸರ್ಕಾರ ಎಲ್ಲವನ್ನೂ ಸೊನ್ನೆಯಿಂದ ಶುರು ಮಾಡಲಿಲ್ಲ, ಬ್ರಿಟಿಷರು ಬಿಟ್ಟು ಹೋದ ಸಾಮಾನನ್ನೇ ಎತ್ಕೊಳ್ತು. ಬಂದರು, ಕಾನೂನು ಪುಸ್ತಕ, ಪಿಎಫ್, ವಿಚಾರಣೆ ಇಲ್ದೆ ಜೈಲಿಗೆ ಹಾಕೋ ಅಧಿಕಾರ, ಇದೆಲ್ಲ ಬಿಳಿಯರು ತಮ್ಮ ಅನುಕೂಲಕ್ಕೆ ಮಾಡ್ಕೊಂಡಿದ್ದು. ಇವರು ಅದನ್ನ ಬಿಸಾಕಲಿಲ್ಲ, ತಿರುಗಿಸಿ ಹಿಡ್ಕೊಂಡ್ರು. ಹೇಗೆ ಅಂತ ಸ್ವಲ್ಪ ನಿಧಾನಕ್ಕೆ ನೋಡೋಣ, ಯಾಕಂದ್ರೆ ಮಜಾ ಇರೋದು ಅಲ್ಲೇ.

ಮೊದಲು ಗಾಳಿ ವಿಷಯ. ಹಾಯಿ ಹಡಗಿನ ಕಾಲದಲ್ಲಿ ಭಾರತದ ಕಡೆಯಿಂದ ಚೀನಾಕ್ಕೆ ಹೋಗ್ಬೇಕು ಅಂದ್ರೆ ಮಲಕ್ಕಾ ಜಲಸಂಧಿ ಅನ್ನೋ ಸಣ್ಣ ಸಂದೀಲೇ ನುಗ್ಗಿ ಹೋಗ್ಬೇಕು, ಇಲ್ಲಾಂದ್ರೆ ಸುಮಾತ್ರಾ ದ್ವೀಪಾನ ಪೂರ್ತಿ ಸುತ್ತಬೇಕು. ನಮಗೆ ಮುಂಗಾರು ತರೋ ನೈಋತ್ಯ ಗಾಳಿ ಹಿಡ್ಕೊಂಡು ಪಶ್ಚಿಮದ ಹಡಗುಗಳು ಪೂರ್ವಕ್ಕೆ ಹೋಗ್ತಿದ್ವು, ಚೀನಾದವು ಈಶಾನ್ಯ ಗಾಳಿ ಹಿಡ್ಕೊಂಡು ಕೆಳಗೆ ಬರ್ತಿದ್ವು. ಮಧ್ಯದಲ್ಲಿ ಗಾಳಿ ತಿರುಗೋ ತನಕ ಎಲ್ಲೋ ಒಂದು ಕಡೆ ಕಾಯಲೇಬೇಕು, ಕಾಯೋ ಜಾಗದಲ್ಲಿ ಸಂತೆ ಆಗೇ ಆಗುತ್ತೆ. ಆ ಸಂದಿಯ ಬಾಯಲ್ಲಿ ಕೂತಿರೋ ದ್ವೀಪಾನೇ ಇದು. 14ನೇ ಶತಮಾನದಲ್ಲೇ ಇಲ್ಲಿ ತೆಮಾಸೆಕ್ ಅಂತ ಒಂದು ಊರಿತ್ತು, ಚೀನಾದ ವ್ಯಾಪಾರಿ ವಾಂಗ್ ದಾಯುವಾನ್ ಅದರ ಬಗ್ಗೆ ಬರೆದಿಟ್ಟಿದ್ದಾನೆ. ಆಮೇಲೆ ಬಂದ ಹೆಸರು ಸಿಂಗಪುರ, ಅಂದ್ರೆ ಸಿಂಹಪುರ, ನಮಗೆ ಅನುವಾದ ಮಾಡಿ ಹೇಳೋದೇನೂ ಬೇಡ. ಸಾಂಗ್ ನೀಲ ಉತಾಮ ಅನ್ನೋ ರಾಜಕುಮಾರ ಇಲ್ಲಿಗೆ ಬಂದಾಗ ಸಿಂಹ ಕಂಡ ಅಂತ ಮಲಯ ಪುರಾಣ ಹೇಳುತ್ತೆ. ಆ ಕಾಡಲ್ಲಿ ಸಿಂಹ ಇರೋಕೆ ಸಾಧ್ಯಾನೇ ಇಲ್ಲ, ಹುಲಿ ಇತ್ತು, ಆದ್ರೆ ಹುಲಿಯೂರು ಅಂತ ಹೆಸರು ಬಿದ್ದಿದ್ರೆ ಇಷ್ಟು ಗತ್ತು ಇರ್ತಿರಲಿಲ್ಲ ಅನ್ಸುತ್ತೆ.

ಆ ಊರು ಹಾಳಾಯ್ತು, ಮಲಕ್ಕಾ ಎದ್ದಿತು, 1613ರಲ್ಲಿ ಪೋರ್ಚುಗೀಸರು ಇಲ್ಲಿ ಉಳಿದಿದ್ದ ಚಿಕ್ಕ ಠಾಣೇನೂ ಸುಟ್ಟರು. 1819ರ ಹೊತ್ತಿಗೆ ದ್ವೀಪದಲ್ಲಿ ಇದ್ದಿದ್ದು ಸುಮಾರು ಸಾವಿರ ಜನ. ಜೋಹೋರ್ ಸುಲ್ತಾನನ ಕೈಕೆಳಗಿನ ತೆಮೆಂಗಾಂಗ್ ಅನ್ನೋ ಅಧಿಕಾರಿ ಮತ್ತೆ ಅವನ ಕಡೆಯೋರು, ದೋಣಿಯಲ್ಲೇ ಹುಟ್ಟಿ ದೋಣಿಯಲ್ಲೇ ಸಾಯೋ ಒರಾಂಗ್ ಲಾವುತ್ ಜನ, ಕಾಳುಮೆಣಸು ಮತ್ತೆ ಗ್ಯಾಂಬಿಯರ್ ಅನ್ನೋ ಗಿಡ ಬೆಳೀತಿದ್ದ ಒಂದಷ್ಟು ಚೀನೀಯರು.

ಇಲ್ಲಿಗೆ ಬಂದ ಸ್ಟ್ಯಾಮ್‌ಫರ್ಡ್ ರಾಫಲ್ಸ್. ಈತ ಈಸ್ಟ್ ಇಂಡಿಯಾ ಕಂಪನಿ ನೌಕರ, ಸುಮಾತ್ರಾದಲ್ಲಿ ನಷ್ಟದಲ್ಲಿ ಓಡ್ತಿದ್ದ ಬೆಂಕೂಲೆನ್ ಅನ್ನೋ ಮೆಣಸಿನ ಠಾಣೆಗೆ ಲೆಫ್ಟಿನೆಂಟ್ ಗವರ್ನರ್. ಆಗ ಈ ಸಮುದ್ರದಲ್ಲೆಲ್ಲ ಡಚ್ಚರದ್ದೇ ದರ್ಬಾರು, ಅವರ ಬಂದರಿಗೆ ಹೋದ್ರೆ ಸುಂಕ ಕಟ್ಟು ಅಂತಿದ್ರು. ನಮ್ಮದೇ ಒಂದು ಜಾಗ ಬೇಕು ಅಂತ ರಾಫಲ್ಸ್ ಕಲ್ಕತ್ತಾಕ್ಕೆ ಹೋಗಿ ಗವರ್ನರ್ ಜನರಲ್ ಹತ್ರ ಅರೆಬರೆ ಒಪ್ಪಿಗೆ ತಗೊಂಡು ಬಂದ. 1819ರ ಜನವರಿ 29ಕ್ಕೆ ದಡ ಹತ್ತಿದ, ಜತೆಗೆ ಮೇಜರ್ ವಿಲಿಯಂ ಫಾರ್ಕರ್.

ಈಗ ಒಂದು ಸಮಸ್ಯೆ. ದ್ವೀಪ ಜೋಹೋರ್ ಸುಲ್ತಾನಂದು, ಆ ಸುಲ್ತಾನ ಡಚ್ಚರ ಕಡೆ, ಅವನು ಸೈನ್ ಹಾಕಲ್ಲ. ರಾಫಲ್ಸ್ ಏನ್ ಮಾಡ್ದ ಅಂದ್ರೆ ಸುಲ್ತಾನನ್ನೇ ಬದಲಾಯಿಸ್ಬಿಟ್ಟ. ಹಳೇ ಸುಲ್ತಾನ ಸತ್ತಾಗ ಹಿರೀ ಮಗ ಹುಸೇನ್ ಊರಲ್ಲಿರಲಿಲ್ಲ, ಮದುವೆಗೆ ಅಂತ ಪಹಾಂಗ್‌ಗೆ ಹೋಗಿದ್ದ, ಆ ಸಮಯ ನೋಡಿ ಆಸ್ಥಾನದಲ್ಲಿದ್ದ ಬುಗಿಸ್ ಅನ್ನೋ ಜನಾಂಗದ ಸರದಾರರು ಹುಸೇನನ ತಮ್ಮನನ್ನ ಪಟ್ಟಕ್ಕೆ ಕೂರಿಸಿದ್ರು. ಕೈಲಿ ಕಾಸಿಲ್ದೆ ರಿಯಾವ್ ದ್ವೀಪದ ಕಡೆ ಇದ್ದ ಆ ಹುಸೇನನ್ನ ಕರೆಸಿ, ನೀವೇ ನಿಜವಾದ ಸುಲ್ತಾನರು ಅಂತ ಹೇಳಿ, ಫೆಬ್ರವರಿ 6ಕ್ಕೆ ಶಾಮಿಯಾನ ಹಾಕಿಸಿ ಪಟ್ಟ ಕಟ್ಟಿ, ಅವತ್ತೇ ಒಪ್ಪಂದಕ್ಕೆ ಸೈನ್ ಹಾಕಿಸ್ಕೊಂಡ್ರು. ವರ್ಷಕ್ಕೆ ಹುಸೇನ್‌ಗೆ 5,000 ಸ್ಪ್ಯಾನಿಷ್ ಡಾಲರ್, ತೆಮೆಂಗಾಂಗ್‌ಗೆ 3,000. ಅದಕ್ಕೆ ಬದಲಾಗಿ ಕಂಪನಿಗೆ ಸಿಕ್ಕಿದ್ದು ದ್ವೀಪ ಅಲ್ಲ, ದಡದಲ್ಲಿ ಗೋಡೌನ್ ಕಟ್ಕೊಳ್ಳೋ ಹಕ್ಕು. ಜೂನ್‌ನಲ್ಲಿ ಗಡಿ ಗುರುತಿಸಿದ್ದು ಹೇಗೆ ಗೊತ್ತಾ? ದಡದಿಂದ ಫಿರಂಗಿ ಗುಂಡು ಹೊಡೆದ್ರೆ ಎಷ್ಟು ದೂರ ಹೋಗುತ್ತೋ ಅಲ್ಲೀ ತನಕ ಕಂಪನೀದು. ಸರ್ವೆ ನಂಬರೂ ಇಲ್ಲ, ಪಹಣಿನೂ ಇಲ್ಲ.

ಡಚ್ಚರು ಕೂಗಾಡಿದ್ರು, ಲಂಡನ್ನಿಗೂ ಇದು ತಲೆನೋವಾಯ್ತು. ಆದ್ರೆ ಪತ್ರ ಲಂಡನ್ನಿಗೆ ಹೋಗಿ ಉತ್ತರ ಬರೋ ಅಷ್ಟರಲ್ಲಿ ತಿಂಗಳುಗಟ್ಟಲೆ ಆಗ್ತಿತ್ತು, ಅಷ್ಟರೊಳಗೆ ಊರು ದುಡ್ಡು ಮಾಡೋಕೆ ಶುರು ಮಾಡಿತ್ತು. ದುಡ್ಡು ಮಾಡೋ ಊರನ್ನ ಯಾರು ಬಿಡ್ತಾರೆ. 1824ರ ಮಾರ್ಚಲ್ಲಿ ಬ್ರಿಟಿಷರು ಡಚ್ಚರು ಕೂತು ಸಮುದ್ರದ ಮೇಲೆ ಗೆರೆ ಎಳ್ಕೊಂಡ್ರು, ಮಲಕ್ಕಾ ಬ್ರಿಟಿಷರಿಗೆ, ಬೆಂಕೂಲೆನ್ ಡಚ್ಚರಿಗೆ, ಸಿಂಗಾಪುರದ ಬಗ್ಗೆ ಇನ್ನು ತಕರಾರಿಲ್ಲ. ಇವತ್ತು ಆ ಗೆರೆಯ ಮೇಲ್ಗಡೆ ಮಲೇಷ್ಯಾ ಸಿಂಗಾಪುರ, ಕೆಳಗಡೆ ಇಂಡೋನೇಷ್ಯಾ. ಅದುವರೆಗೂ ಆ ನೀರು ಒಂದೇ ರಾಜ್ಯ, ಅಣ್ಣ ಈ ಕಡೆ ತಮ್ಮ ಆ ಕಡೆ ಓಡಾಡ್ಕೊಂಡಿದ್ರು. ಅದೇ ವರ್ಷ ಆಗಸ್ಟಲ್ಲಿ ಹುಸೇನ್‌ಗೆ 33,200 ಡಾಲರ್ ಇಡಿಗಂಟು, ತೆಮೆಂಗಾಂಗ್‌ಗೆ 26,800, ಇಬ್ಬರಿಗೂ ತಿಂಗಳ ಪಿಂಚಣಿ ಅಂತ ಕೊಟ್ಟು ದ್ವೀಪ ಪೂರ್ತಿ ಬರೆಸ್ಕೊಂಡ್ರು.

ರಾಫಲ್ಸ್ ಅಲ್ಲಿ ಇದ್ದಿದ್ದು ಮೂರೂ ಭೇಟಿ ಸೇರಿಸಿದ್ರೂ ಒಂದು ವರ್ಷ ಆಗಲ್ಲ. ನಾಲ್ಕು ವರ್ಷ ಅಲ್ಲಿದ್ದು ಕಾಡು ಕಡಿಸಿ ಊರು ನಡೆಸಿದ್ದು ಫಾರ್ಕರ್, ಅವನ ಹೆಸರು ಕೇಳಿದೋರು ಕಮ್ಮಿ.

ಮತ್ತೆ ಈ ಊರು ನಡೆಸೋದೇ ಒಂದು ಒಗಟಾಗಿತ್ತು. ಸಿಂಗಾಪುರದ ಮುಖ್ಯ ಆಕರ್ಷಣೆ ಏನು? ಫ್ರೀ ಪೋರ್ಟ್. ಯಾವ ದೇಶದ ಹಡಗಾದ್ರೂ ಬರಲಿ, ಸುಂಕ ಇಲ್ಲ. ಜನ ಬಂದ್ರು ಬಂದ್ರು, ಐದೇ ವರ್ಷಕ್ಕೆ, 1824ರ ಜನಗಣತೀಲಿ 10,683 ಜನ. ಸರಿ, ಸುಂಕ ಇಲ್ಲ ಅಂದ್ಮೇಲೆ ಪೊಲೀಸರಿಗೆ ಸಂಬಳ ಎಲ್ಲಿಂದ ಕೊಡೋದು? ಫಾರ್ಕರ್ ಅದಕ್ಕೆ ಒಂದು ದಾರಿ ಹುಡುಕಿದ. ಅಫೀಮು, ಸಾರಾಯಿ, ಜೂಜು, ಈ ಮೂರನ್ನ ನಡೆಸೋ ಹಕ್ಕನ್ನ ಹರಾಜು ಹಾಕ್ದ. ನಮ್ಮಲ್ಲಿ 2007ರಲ್ಲಿ ಸಾರಾಯಿ ನಿಲ್ಲಿಸೋ ತನಕ ಗುತ್ತಿಗೆ ಹರಾಜು ನಡೀತಿತ್ತಲ್ಲ, ಥೇಟ್ ಅದೇ ಲೆಕ್ಕ. ದೊಡ್ಡ ಚೀನೀ ವ್ಯಾಪಾರಿ ಗುತ್ತಿಗೆ ಹಿಡೀತಾನೆ, ಸರ್ಕಾರಕ್ಕೆ ತಿಂಗಳಿಗಿಷ್ಟು ಅಂತ ಕಟ್ತಾನೆ, ಕಳ್ಳ ಮಾಲು ಬರದ ಹಾಗೆ ತನ್ನ ಕಡೆಯೋರನ್ನ ಇಟ್ಕೊಂಡು ಕಾಯ್ತಾನೆ, ಸರ್ಕಾರಕ್ಕೆ ಖರ್ಚೇ ಇಲ್ಲ. ರಾಫಲ್ಸ್‌ಗೆ ಇದು ಸರಿಕಾಣಲಿಲ್ಲ, 1823ರಲ್ಲಿ ಜೂಜು ನಿಲ್ಲಿಸಿ ಫಾರ್ಕರ್ ಜತೆ ಜಗಳ ಆಡಿ ಅವನನ್ನ ತೆಗೆದೂ ಹಾಕ್ದ. ಆದ್ರೆ ಅಫೀಮು ಗುತ್ತಿಗೆ ಮಾತ್ರ ಮುಂದೆ ನೂರು ವರ್ಷದ ಹತ್ರ ಹತ್ರ ಆ ಸರ್ಕಾರದ ಬೆನ್ನೆಲುಬಾಯ್ತು, ಎಷ್ಟೋ ವರ್ಷ ಆದಾಯದ ಅರ್ಧದಷ್ಟು ಅದರಿಂದಾನೇ. 1910ರಲ್ಲಿ ಸರ್ಕಾರ ಗುತ್ತಿಗೆ ನಿಲ್ಲಿಸಿ ತಾನೇ ಮಾರೋಕೆ ಶುರು ಮಾಡ್ತು.

ಇದನ್ನ ಸೇದ್ತಿದ್ದೋರು ಯಾರು ಅಂದ್ರೆ ದಕ್ಷಿಣ ಚೀನಾದಿಂದ ಹಡಗಿನ ಚಾರ್ಜ್ ಸಾಲ ಮಾಡ್ಕೊಂಡು ಬಂದ ಕೂಲಿಗಳು. ಮೂಟೆ ಹೊರೋರು, ರಿಕ್ಷಾ ಎಳೆಯೋರು, ತೋಟದಲ್ಲಿ ದುಡಿಯೋರು. ನಾಲ್ಕು ಕಾಸು ಗಂಟು ಮಾಡ್ಕೊಂಡು ಊರಿಗೆ ಹೋಗ್ತೀನಿ ಅಂತ ಬರ್ತಿದ್ರು, ಸೊಂಟ ನೋವಿಗೆ ಸಂಜೆ ಒಂದು ಕೊಳವೆ ಅಫೀಮು, ದುಡಿದಿದ್ದು ಅಲ್ಲೇ ಹೊಗೆ. ಆ ಅಫೀಮು ಬೆಳೀತಿದ್ದಿದ್ದು ನಮ್ಮ ಬಿಹಾರ ಬನಾರಸ್ ಕಡೆಯ ರೈತರು, ಕಂಪನಿ ಹೇಳಿದ ರೇಟಿಗೆ. ಸುಂಕ ಇಲ್ಲದ ಬಂದರು ಅಂತ ಹೊಗಳ್ತೀವಲ್ಲ, ಆ ಸುಂಕ ಕಟ್ಟಿದೋರು ಈ ಕೂಲಿಗಳೇ.

ಭಾರತದ ಕೈವಾಡ ಅಲ್ಲಿಗೇ ಮುಗಿಯಲ್ಲ. 1826ರಲ್ಲಿ ಪೆನಾಂಗ್, ಮಲಕ್ಕಾ, ಸಿಂಗಾಪುರ ಮೂರನ್ನೂ ಸೇರಿಸಿ ಸ್ಟ್ರೇಟ್ಸ್ ಸೆಟಲ್‌ಮೆಂಟ್ಸ್ ಅಂತ ಮಾಡಿದ್ರು, ಆಡಳಿತ ಎಲ್ಲಾ ಭಾರತದಿಂದಾನೇ. ಕಲ್ಕತ್ತಾಕ್ಕೆ ಇದು ಕೈದಿಗಳನ್ನ ಕಳಿಸೋಕೆ ಅನುಕೂಲವಾದ ಜಾಗ. 1825ರಿಂದ 1873ರ ತನಕ ಬಂಗಾಳ, ಮದ್ರಾಸ್, ಬಾಂಬೆ ಪ್ರೆಸಿಡೆನ್ಸಿಗಳ ಕೈದಿಗಳು ಅಲ್ಲಿ ರಸ್ತೆ, ಸೇತುವೆ, ಕಟ್ಟಡ ಕಟ್ಟಿದ್ರು. ಇವತ್ತು ರಾಷ್ಟ್ರಪತಿ ಭವನ ಆಗಿರೋ ಇಸ್ತಾನಾ ಅವರ ಕೈಕೆಲಸ, ಸೇಂಟ್ ಆಂಡ್ರೂಸ್ ಚರ್ಚೂ ಅವರದ್ದೇ. ಆ ಚರ್ಚಿನ ಗೋಡೆಗೆ ಹೋಗಿ ಕೈ ಸವರಿ ನೋಡಿ, ಹಳೇ ಚೆಟ್ಟಿನಾಡು ಮನೆ ಗೋಡೆ ಥರ ನುಣುಪು. ಅದು ಮದ್ರಾಸ್ ಗಾರೆ. ಚಿಪ್ಪು ಸುಟ್ಟು ಮಾಡಿದ ಸುಣ್ಣಕ್ಕೆ ಮೊಟ್ಟೆಯ ಬಿಳಿ ಲೋಳೆ, ಸಕ್ಕರೆ ಹಾಕಿ ಕುಟ್ಟಿ ಕುಟ್ಟಿ ಹದ ಮಾಡಿ, ತೆಂಗಿನ ಸಿಪ್ಪೆ ನೆನೆಸಿದ ನೀರಲ್ಲಿ ಕಲಸಿ, ಬಳಿದು ಒಣಗಿದ್ಮೇಲೆ ನುಣುಪು ಕಲ್ಲಲ್ಲಿ ಉಜ್ಜಿ ಉಜ್ಜಿ ಹೊಳಪು ಬರಿಸೋದು. ಬ್ರಿಟಿಷ್ ಗೋಪುರ, ಒಳಗೆ ನಮ್ಮ ಕಡೆ ಕೈದಿಯ ತೋಳಿನ ಶಕ್ತಿ.

ಊರಿನ ನಕ್ಷೆ ಬಗ್ಗೆ ಒಂದೆರಡು ಮಾತು. 1822-23ರಲ್ಲಿ ರಾಫಲ್ಸ್ ಪ್ಲ್ಯಾನ್ ಹಾಕಿಸಿದಾಗ ಜನಾಂಗಕ್ಕೊಂದು ಕೇರಿ ಅಂತ ಮಾಡ್ದ, ಚೀನೀಯರು ನದಿಯ ಈ ಕಡೆ, ಯುರೋಪಿಯನ್ನರು ಆ ಕಡೆ, ಸುಲ್ತಾನ, ಅರಬರು, ಬುಗಿಸರು ಕಂಪೋಂಗ್ ಗ್ಲಾಮ್ ಕಡೆ, ದಕ್ಷಿಣ ಭಾರತದೋರಿಗೆ ನದಿ ಮೇಲ್ಗಡೆ ಚುಲಿಯಾ ಕೇರಿ. ಜನ ಹಾಗೇ ನೆಟ್ಟಗೆ ಕೂರಲಿಲ್ಲ ಬಿಡಿ. ರಾಫಲ್ಸ್ ಜತೆ ಪೆನಾಂಗಿಂದ ಬಂದು ಮೊದಲ ಇಟ್ಟಿಗೆ ಗೂಡು ಹಾಕಿದ ನಾರಾಯಣ ಪಿಳ್ಳೆ ಅನ್ನೋರು 1827ರಲ್ಲಿ ಶುರು ಮಾಡಿದ ಮಾರಿಯಮ್ಮನ ಗುಡಿ ಇವತ್ತು ನಟ್ಟನಡುವೆ ಚೈನಾಟೌನಲ್ಲಿದೆ. ಆದ್ರೆ ಜನಾಂಗ ಲೆಕ್ಕ ಹಾಕಿ ಮನೆ ಹಂಚೋ ಈ ಯೋಚನೆ ನೆನಪಿಟ್ಕೊಳ್ಳಿ, ಮುಂದೆ ತಲೆಕೆಳಗಾಗಿ ವಾಪಸ್ ಬರುತ್ತೆ.

ಕಾನೂನೂ ಇಲ್ಲಿಂದಾನೇ ಹೋಯ್ತು. 1860ರ ನಮ್ಮ ಐಪಿಸಿಯನ್ನ ಸ್ವಲ್ಪ ತಿದ್ದಿ 1872ರಲ್ಲಿ ಅಲ್ಲೂ ಜಾರಿ ಮಾಡಿದ್ರು, ಸೆಕ್ಷನ್ ನಂಬರ್ ಸಮೇತ. ತಮಾಷೆ ಏನಂದ್ರೆ ನಾವು 2024ರಲ್ಲಿ ಐಪಿಸಿ ತೆಗೆದು ನ್ಯಾಯ ಸಂಹಿತೆ ತಂದ್ವಿ, ವಂಚನೆ ಈಗ 318ನೇ ಸೆಕ್ಷನ್. ಅಲ್ಲಿ ಮಾತ್ರ ಮೋಸಗಾರ ಇವತ್ತಿಗೂ ಅಪ್ಪಟ ಫೋರ್ ಟ್ವೆಂಟಿ.

ಅಲ್ಲಿನ ವ್ಯಾಪಾರಿಗಳಿಗೆ ಕಲ್ಕತ್ತಾ ಸರ್ಕಾರ ಕಂಡ್ರೆ ಆಗ್ತಿರಲಿಲ್ಲ. ಕೈದಿಗಳನ್ನ ತಂದು ಸುರೀತಾರೆ, ಮೆಕ್ಸಿಕನ್ ಡಾಲರ್ ಓಡೋ ಊರಲ್ಲಿ ರೂಪಾಯಿ ತುರುಕೋಕೆ ನೋಡ್ತಾರೆ ಅಂತ ಗಲಾಟೆ. ಕೊನೆಗೆ 1867ರ ಏಪ್ರಿಲ್ 1ಕ್ಕೆ ನೇರ ಲಂಡನ್ ಕೈಗೆ ಹೋಯ್ತು, ಕ್ರೌನ್ ಕಾಲೊನಿ. ಎರಡೇ ವರ್ಷಕ್ಕೆ ಸೂಯೆಜ್ ಕಾಲುವೆ ತೆರೀತು, ಹಾಯಿ ಹೋಗಿ ಸ್ಟೀಮರ್ ಬಂತು, ಸ್ಟೀಮರ್‌ಗೆ ಕಲ್ಲಿದ್ದಲು ಬೇಕು, ಕಲ್ಲಿದ್ದಲು ತುಂಬಿಸ್ಕೊಳ್ಳೋಕೆ ಮತ್ತೆ ಅದೇ ಜಾಗ. ಆಮೇಲೆ ಇವತ್ತು ಮಲೇಷ್ಯಾದ ಭಾಗ ಆಗಿರೋ ಪಕ್ಕದ ಮಲಯಾದ ತವರ, ರಬ್ಬರ್. ರಬ್ಬರ್ ಮರದ ತೊಗಟೆ ಕೊಯ್ದು ಮರ ಸಾಯದಂಗೆ ಹಾಲು ಇಳಿಸೋ ವಿಧಾನ ಕಂಡುಹಿಡಿದಿದ್ದು ಸಿಂಗಾಪುರದ ಬೊಟಾನಿಕ್ ಗಾರ್ಡನ್ಸ್‌ನ ರಿಡ್ಲಿ. ಜೇಬಲ್ಲಿ ಬೀಜ ಇಟ್ಕೊಂಡು ಸಿಕ್ಕ ಸಿಕ್ಕ ತೋಟದೋರಿಗೆ ನೆಡಿ ನೆಡಿ ಅಂತಿದ್ದ ಅವನನ್ನ ಜನ ಹುಚ್ಚ ರಿಡ್ಲಿ ಅಂತಿದ್ರು, ಕಾರು ಬಂದ್ಮೇಲೆ ಅದೇ ಬೀಜ ಚಿನ್ನ ಆಯ್ತು.

ಇಷ್ಟೆಲ್ಲ ಇರೋ ಊರಿಗೆ ಕಾವಲು ಬೇಕಲ್ಲ, ಸೆಂಬವಾಂಗಲ್ಲಿ ದೊಡ್ಡ ನೌಕಾನೆಲೆ ಕಟ್ಟಿದ್ರು, 1938ಕ್ಕೆ ಮುಗೀತು, ಇದನ್ನ ಯಾರೂ ಮುಟ್ಟೋಕಾಗಲ್ಲ ಅಂತ ಜಂಬ. 1941ರ ಡಿಸೆಂಬರ್ 8ಕ್ಕೆ ಜಪಾನೀಯರು ಮಲಯಾದ ಉತ್ತರದಲ್ಲಿ ಇಳಿದು, ಎಷ್ಟೋ ಜನ ಸೈಕಲ್ ತುಳ್ಕೊಂಡೇ, ಎಪ್ಪತ್ತು ದಿನದಲ್ಲಿ ಸಿಂಗಾಪುರಾನೇ ಹಿಡ್ಕೊಂಡ್ಬಿಟ್ರು. ಬ್ರಿಟಿಷರ ಫಿರಂಗಿ ಸಮುದ್ರದ ಕಡೆಗಷ್ಟೇ ತಿರುಗಿತ್ತು ಅಂತ ಒಂದು ಕಥೆ ಇದೆ, ಅದು ಪೂರ್ತಿ ಸರಿಯಲ್ಲ, ಎಷ್ಟೋ ಫಿರಂಗಿ ಹಿಂದಕ್ಕೂ ತಿರುಗ್ತಿದ್ವು, ಆದ್ರೆ ಇದ್ದ ಗುಂಡು ಹೆಚ್ಚಾಗಿ ಹಡಗು ಸೀಳೋ ಗುಂಡು, ಕಾಲಾಳುಗಳ ಮೇಲೆ ಬಿದ್ರೆ ಮಣ್ಣೊಳಗೆ ಹೂತ್ಕೊಳ್ತಿತ್ತು. 1942ರ ಫೆಬ್ರವರಿ 15ಕ್ಕೆ ಬುಕಿತ್ ತಿಮಾದ ಫೋರ್ಡ್ ಫ್ಯಾಕ್ಟರಿಯಲ್ಲಿ ಜನರಲ್ ಪರ್ಸಿವಲ್ ಶರಣಾದ, ಎಂಬತ್ತು ಸಾವಿರಕ್ಕೂ ಹೆಚ್ಚು ಸೈನಿಕರು ಸೆರೆ. ಎರಡು ದಿನ ಬಿಟ್ಟು ಫ್ಯಾರರ್ ಪಾರ್ಕಲ್ಲಿ ಭಾರತೀಯ ಸೈನಿಕರನ್ನ ಬೇರೆ ಮಾಡಿ ಜಪಾನೀಯರಿಗೆ ಒಪ್ಪಿಸಿದ್ರು, ಆಜಾದ್ ಹಿಂದ್ ಫೌಜಿನ ಬೇರು ಅಲ್ಲಿದೆ. 1943ರ ಅಕ್ಟೋಬರ್ 21ಕ್ಕೆ ಸುಭಾಷ್‌ಚಂದ್ರ ಬೋಸ್ ಆಜಾದ್ ಹಿಂದ್ ಸರ್ಕಾರ ಘೋಷಣೆ ಮಾಡಿದ್ದು ಅಲ್ಲಿನ ಕ್ಯಾಥೆ ಸಿನಿಮಾ ಹಾಲಲ್ಲಿ. ಚೀನೀಯರಿಗೆ ಆ ಮೂರೂವರೆ ವರ್ಷ ನರಕ, ಸಾಲಲ್ಲಿ ನಿಲ್ಲಿಸಿ ಗಂಡಸರನ್ನ ಆರಿಸಿ ಆರಿಸಿ ಲಾರಿ ಹತ್ತಿಸಿ ಬೀಚಿಗೆ ಕರ್ಕೊಂಡ್ಹೋಗಿ ಕೊಂದ್ರು.

ಬ್ರಿಟಿಷರು 1945ರಲ್ಲಿ ವಾಪಸ್ ಬಂದ್ರು, ಆದ್ರೆ ಅವರ ಮೇಲಿದ್ದ ಭಯ ವಾಪಸ್ ಬರಲಿಲ್ಲ. ಯೂನಿಯನ್ನು, ಸ್ಟ್ರೈಕು, ಕಮ್ಯುನಿಸ್ಟರು. 1948ರಲ್ಲಿ ಮಲಯಾದಲ್ಲಿ ಎಮರ್ಜೆನ್ಸಿ ಹಾಕಿ ವಿಚಾರಣೆ ಇಲ್ದೆ ಒಳಗೆ ಹಾಕೋ ಅಧಿಕಾರ ತಂದ್ರು. 1959ರಲ್ಲಿ ಒಳಾಡಳಿತ ಕೊಟ್ಟಾಗ 51 ಸೀಟಲ್ಲಿ 43 ಗೆದ್ದು ಬಂದಿದ್ದು ಪೀಪಲ್ಸ್ ಆಕ್ಷನ್ ಪಾರ್ಟಿ, ಪ್ರಧಾನಿ 35 ವರ್ಷದ ವಕೀಲ ಲೀ. ಎರಡೇ ವರ್ಷಕ್ಕೆ ಪಾರ್ಟಿ ಒಡೀತು, ಎಡಪಂಥದೋರು ಬೇರೆಯಾದ್ರು, 1963ರ ಫೆಬ್ರವರೀಲಿ ಒಂದೇ ಬೆಳಗಿನ ಜಾವ ನೂರಕ್ಕೂ ಹೆಚ್ಚು ಜನರನ್ನ ಎತ್ಹಾಕ್ಕೊಂಡು ಹೋದ್ರು. ಬ್ರಿಟಿಷರು ಮಾಡಿಟ್ಟ ಬೀಗ, ಕೀ ಈಗ ಇವರ ಜೇಬಲ್ಲೂ.

ಆಗ ಲೀ ಲೆಕ್ಕಾಚಾರ ಏನಿತ್ತು ಅಂದ್ರೆ, ನೀರಿಲ್ಲ, ಮಾರ್ಕೆಟ್ ಇಲ್ಲ, ಒಬ್ಬರೇ ಬದುಕೋಕಾಗಲ್ಲ, ಮಲಯಾ ಜತೆ ಸೇರ್ಕೊಳ್ಳೋದೇ ದಾರಿ. 1963ರ ಸೆಪ್ಟೆಂಬರ್ 16ಕ್ಕೆ ಮಲೇಷ್ಯಾ ಆಯ್ತು. ಸಂಸಾರ ಎರಡು ವರ್ಷನೂ ತುಂಬಲಿಲ್ಲ. ತೆರಿಗೆ ಹಂಚಿಕೆ ಜಗಳ, ಮಲಯರಿಗೆ ವಿಶೇಷ ಹಕ್ಕು ಇರಬೇಕಾ ಎಲ್ಲರೂ ಸಮಾನರಾ ಅನ್ನೋ ಜಗಳ, 1964ರ ಜುಲೈ 21ಕ್ಕೆ ಪ್ರವಾದಿ ಜಯಂತಿ ಮೆರವಣಿಗೆಯಲ್ಲಿ ಶುರುವಾದ ಗಲಭೆಯಲ್ಲಿ 23 ಸಾವು. 1965ರ ಆಗಸ್ಟ್ 9ಕ್ಕೆ ಕೌಲಾಲಂಪುರದ ಪಾರ್ಲಿಮೆಂಟಲ್ಲಿ 126-0 ವೋಟಲ್ಲಿ ಬೇರೆ ಮಾಡಿದ್ರು. ಲೀ ಟಿವೀಲಿ ಮಾತಾಡ್ತಾ ಮಾತಾಡ್ತಾ ಕಣ್ಣೀರು ಹಾಕಿದ್ದನ್ನ ಎಲ್ಲರೂ ನೋಡಿರ್ತೀರಿ. ಹೊರಗೆ ಹಾಕಿದ್ರು ಅಂತಾನೇ ಬಹಳ ಕಾಲ ಎಲ್ಲರೂ ಅಂದ್ಕೊಂಡಿದ್ರು, ಆಮೇಲೆ ತಿಳಿದಿದ್ದೇನಂದ್ರೆ ಹಣಕಾಸು ಮಂತ್ರಿ ಗೋ ಕೆಂಗ್ ಸ್ವೀ ಸದ್ದಿಲ್ದೆ ಹೋಗಿ ಆ ಕಡೆಯೋರ ಜತೆ ಕೂತು, ಬೇರೆ ಆಗೋದೇ ವಾಸಿ ಅಂತ ಮಾತು ಮುಗಿಸ್ಕೊಂಡು ಬಂದಿದ್ರು. ಗಂಡ ಹೆಂಡತಿ ಇಬ್ಬರೂ ಒಪ್ಪಿ ಬಿಟ್ಟಿದ್ದು, ಊರಿಗೆ ಮಾತ್ರ ತವರಿಗೆ ಅಟ್ಟಿದ್ರು ಅಂತ ಸುದ್ದಿ.

ಈಗ ನಮ್ಮ ಪ್ರಶ್ನೆಗೆ ಬರೋಣ, ಆಮೇಲೆ ಏನ್ ಮಾಡಿದ್ರು. ಎಲ್ಲರೂ ಶಿಸ್ತು ಶಿಸ್ತು ಅಂತಾರೆ, ನನ್ನ ಪ್ರಕಾರ ಅಸಲಿ ವಿಷಯ ಜಮೀನು.

1961ರ ಮೇನಲ್ಲಿ ಬುಕಿತ್ ಹೋ ಸ್ವೀ ಅನ್ನೋ ಗುಡಿಸಲು ಕೇರಿಗೆ ಬೆಂಕಿ ಬಿದ್ದು 16,000 ಜನ ಬೀದಿಗೆ ಬಂದ್ರು. ಬ್ರಿಟಿಷರ ಕಾಲದ ವಸತಿ ಮಂಡಳಿ 32 ವರ್ಷದಲ್ಲಿ ಕಟ್ಟಿದ್ದು 23,000 ಮನೆ. 1960ರಲ್ಲಿ ಶುರುವಾದ ಎಚ್‌ಡಿಬಿ ಅನ್ನೋ ಹೊಸ ಮಂಡಳಿ ಸುಟ್ಟ ಜಾಗದಲ್ಲೇ ಫ್ಲ್ಯಾಟ್ ಎಬ್ಬಿಸ್ತು, ಮೊದಲ ಐದು ವರ್ಷಕ್ಕೆ 50,000 ದಾಟಿಸ್ತು. ಅಷ್ಟೊಂದು ಜಾಗ ಎಲ್ಲಿಂದ ಬಂತು? 1965ರಲ್ಲಿ ಮಲೇಷ್ಯಾ ಸಂವಿಧಾನದಿಂದ ಹಕ್ಕುಗಳನ್ನ ಎತ್ಕೊಂಡಾಗ ಆಸ್ತಿ ಹಕ್ಕಿನ ಕಲಮನ್ನ ಬೇಕು ಅಂತಾನೇ ಬಿಟ್ಬಿಟ್ರು. 1966ರಲ್ಲಿ ಭೂಸ್ವಾಧೀನ ಕಾಯ್ದೆ. ಸರ್ಕಾರ ಬೇಕು ಅಂದ್ರೆ ಮುಗೀತು, ಕೋರ್ಟಿಗೆ ಹೋದ್ರೆ ಪರಿಹಾರದ ಮೊತ್ತದ ಬಗ್ಗೆ ವಾದ ಮಾಡಬಹುದೇ ಹೊರತು ಬೇಕಾ ಬೇಡ್ವಾ ಅಂತಲ್ಲ. ಆ ಮೊತ್ತಾನೂ 1973ರಿಂದ ಏನಾಯ್ತು ಅಂದ್ರೆ, ಆ ವರ್ಷ ನವೆಂಬರ್ 30ರ ಬೆಲೆ ಮತ್ತೆ ಸ್ವಾಧೀನದ ದಿನದ ಬೆಲೆ, ಎರಡರಲ್ಲಿ ಯಾವುದು ಕಮ್ಮಿಯೋ ಅದು. ಬೆಲೆ ಏರಿದ ಲಾಭ ಮಾಲೀಕನಿಗೆ ಸಿಗ್ತಿರಲಿಲ್ಲ, 2007ರಲ್ಲಷ್ಟೇ ಇದನ್ನ ಬಿಟ್ಟು ಮಾರ್ಕೆಟ್ ಬೆಲೆ ಕೊಡೋಕೆ ಶುರು ಮಾಡಿದ್ರು. 1960ರಲ್ಲಿ 44 ಪರ್ಸೆಂಟ್ ಜಮೀನು ಸರ್ಕಾರದ್ದಿತ್ತು, 1985ಕ್ಕೆ 76. ಇಲ್ಲಿ ಪೆರಿಫೆರಲ್ ರಿಂಗ್ ರೋಡ್ ಅಂತ ನೋಟಿಫಿಕೇಶನ್ ಆಗಿ ಎಷ್ಟು ವರ್ಷ ಆಯ್ತು, ಡಿನೋಟಿಫೈ ಅನ್ನೋ ಪದ ನಮ್ಮ ಹಳ್ಳಿ ಅಜ್ಜಿಗೂ ಗೊತ್ತು. ಸಿಂಗಾಪುರ ಮಾಡ್ತೀವಿ ಅನ್ನೋರು ಈ ಭಾಗ ಮಾತ್ರ ವೇದಿಕೆ ಮೇಲೆ ಹೇಳಲ್ಲ, ಹೇಳಿದ್ರೆ ರೈತರು ಬಿಡ್ತಾರಾ, ಬಿಡಬಾರದು ಕೂಡ.

ಜಾಗ ಅಗ್ಗಕ್ಕೆ ಸಿಕ್ತು, ಮನೆ ಕೊಳ್ಳೋಕೆ ಜನರ ಹತ್ರ ದುಡ್ಡು? ಬ್ರಿಟಿಷರು 1955ರಲ್ಲಿ ನಮ್ಮ ಪಿಎಫ್ ಥರಾನೇ ಸಿಪಿಎಫ್ ಅಂತ ಶುರು ಮಾಡಿದ್ರು, ಮುಪ್ಪಿಗೆ ಪಿಂಚಣಿ ಕೊಡೋ ಖರ್ಚು ತಪ್ಪಿಸ್ಕೊಳ್ಳೋಕೆ. 1968ರಲ್ಲಿ ಇವರು ಆ ದುಡ್ಡಲ್ಲಿ ಎಚ್‌ಡಿಬಿ ಮನೆ ಕೊಳ್ಳಬಹುದು ಅಂದ್ರು. ಸಂಬಳದಿಂದ ಕಟ್ ಆಗಿದ್ದು ಸರ್ಕಾರಕ್ಕೆ, ಅಲ್ಲಿಂದ ಕಂತಾಗಿ ಮನೆಗೆ, ಕೈಗೆ ಬರೋ ಸಂಬಳದಿಂದ ಹೆಚ್ಚು ಕೀಳದೇ ಬಾಡಿಗೆದಾರ ಮಾಲೀಕ ಆದ. ಮಾಲೀಕ ಅಂದ್ರೂ 99 ವರ್ಷದ ಲೀಸ್ ಅಷ್ಟೇ, ನೆಲ ಸರ್ಕಾರದ್ದೇ. ಇವತ್ತು ಹತ್ತರಲ್ಲಿ ಎಂಟು ಜನ ಈ ಮನೆಗಳಲ್ಲೇ ಇರೋದು.

ಅಲ್ಲಿ ರಾಫಲ್ಸ್‌ನ ಕೇರಿ ಲೆಕ್ಕ ತಿರುಗಿ ಬಂತು ನೋಡಿ. 1989ರಿಂದ ಪ್ರತಿ ಬ್ಲಾಕಲ್ಲೂ ಚೀನೀ, ಮಲಯ, ಭಾರತೀಯ ಅಂತ ಮಿತಿ ಇದೆ, ಒಂದು ಗುಂಪಿನ ಕೋಟಾ ತುಂಬಿದ್ರೆ ಬೇರೆ ಗುಂಪಿನೋರು ಆ ಗುಂಪಿನೋರಿಗೆ ಅಲ್ಲಿ ಮನೆ ಮಾರೋ ಹಾಗಿಲ್ಲ. ಅವನು ಬೇರೆ ಬೇರೆ ಇಡೋಕೆ ಲೆಕ್ಕ ಹಾಕ್ದ, ಇವರು ಕಲಸೋಕೆ ಹಾಕ್ತಾರೆ. ಬ್ಲಾಕಿನ ಕೆಳಗೆ ಕಂಬಗಳ ಮಧ್ಯೆ ಖಾಲಿ ಜಾಗ ಬಿಟ್ಟಿರ್ತಾರೆ, ಈ ವಾರ ಅಲ್ಲಿ ಮಲಯರ ಮದುವೆ, ಬಿರಿಯಾನಿ ಘಮ, ಮುಂದಿನ ವಾರ ಅದೇ ಕಂಬಗಳ ಮಧ್ಯೆ ಚೀನೀಯರ ಸಾವಿನ ಮನೆ, ಊದುಬತ್ತಿ ಹೊಗೆ.

ಕೆಲಸದ ವಿಷಯದಲ್ಲೂ ಇದೇ ರೀತಿ. ವಿಶ್ವಸಂಸ್ಥೆ ಕಡೆಯಿಂದ ಬಂದ ಆಲ್ಬರ್ಟ್ ವಿನ್ಸೆಮಿಯಸ್ ಅನ್ನೋ ಅರ್ಥಶಾಸ್ತ್ರಜ್ಞ ಕೊಟ್ಟ ಮೊದಮೊದಲ ಸಲಹೆಗಳಲ್ಲಿ ಒಂದು, ರಾಫಲ್ಸ್ ಮೂರ್ತಿ ತೆಗೀಬೇಡಿ ಅನ್ನೋದು. ಬೇರೆ ಹೊಸ ದೇಶಗಳೆಲ್ಲ ಬಿಳಿಯರ ಮೂರ್ತಿ ಕೆಡವ್ತಿದ್ದಾಗ ಇಲ್ಲಿ ನಿಂತಿದ್ರೆ ಫಾರಿನ್ ಕಂಪನಿಗಳಿಗೆ ಧೈರ್ಯ ಬರುತ್ತೆ ಅಂತ. ಹೇಳಿದೋನು ಡಚ್ಚ ಅನ್ನೋದು ಇನ್ನೊಂದು ಚೋದ್ಯ. ಜುರಾಂಗ್ ಅನ್ನೋ ಜೌಗು ಪ್ರದೇಶ ತುಂಬಿಸಿ, ರಸ್ತೆ, ಕರೆಂಟು, ನೀರು ಎಲ್ಲಾ ಮೊದಲೇ ಹಾಕಿ, ಬಂದು ಮೆಷಿನ್ ಇಟ್ಕೊಳ್ಳಿ ಅಂತ ಕರೆದ್ರು. ಶುರುವಲ್ಲಿ ಯಾರೂ ಬರಲಿಲ್ಲ, ಜನ ಗೋ ಅವರ ಹುಚ್ಚಾಟ ಅಂತ ನಕ್ರು, ಆಮೇಲೆ ತುಂಬ್ತು. ಈ ಮಾಡೆಲ್ಲಿನ ಒಂದು ತುಂಡು ನಮ್ಮಲ್ಲೂ ಇದೆ, ವೈಟ್‌ಫೀಲ್ಡಿನ ಐಟಿಪಿಎಲ್. ತೊಂಬತ್ತರ ದಶಕದಲ್ಲಿ ಸಿಂಗಾಪುರದೋರು, ಟಾಟಾ, ನಮ್ಮ ರಾಜ್ಯ ಸರ್ಕಾರ ಸೇರಿ ಮಾಡಿದ್ದು, ಸ್ವಂತ ಪವರ್ ಪ್ಲ್ಯಾಂಟ್ ಸಮೇತ. ಕಾಂಪೌಂಡ್ ಒಳಗೆ ಸಿಂಗಾಪುರ, ಗೇಟ್ ದಾಟಿದ್ರೆ ಹೂಡಿ ಟ್ರಾಫಿಕ್.

ಬ್ರಿಟಿಷ್ ಸೇನಾನೆಲೆಗಳಿಂದಾನೇ ಆಗ ದೇಶದ ಆದಾಯದ ಐದರಲ್ಲಿ ಒಂದು ಪಾಲು ಬರ್ತಿತ್ತು, ನಾವು ಹೊರಟ್ವಿ ಅಂತ 1968ರಲ್ಲಿ ಲಂಡನ್ ಹೇಳಿಬಿಡ್ತು. ಆ ಸೆಂಬವಾಂಗ್ ಹಡಗುಕಟ್ಟೆಯನ್ನ ಹೆಸರಿಗೊಂದು ಡಾಲರ್ ಕೊಟ್ಟು ತಗೊಂಡು ವ್ಯಾಪಾರಿ ಹಡಗು ರಿಪೇರಿಗೆ ಬಿಟ್ರು. 1972ರಲ್ಲಿ ತಂಜೋಂಗ್ ಪಾಗರ್‌ಗೆ ಮೊದಲ ಕಂಟೇನರ್ ಹಡಗು ಬಂತು.

ಇದರ ಬೆಲೆ ಯಾರು ತೆತ್ತರು ಅಂತಾನೂ ಹೇಳ್ಬೇಕು. ಚಿಯಾ ಥೈ ಪೋಹ್ ಅನ್ನೋ ವಿರೋಧ ಪಕ್ಷದೋರು, ಪಾರ್ಲಿಮೆಂಟ್ ಸದಸ್ಯರಾಗಿದ್ದೋರು, ಅವರನ್ನ 1966ರಲ್ಲಿ ಒಳಗೆ ಹಾಕಿದ್ರು. ಒಂದು ದಿನದ ವಿಚಾರಣೆನೂ ಇಲ್ದೆ 23 ವರ್ಷ, ಆಮೇಲೆ ಸೆಂಟೋಸಾ ದ್ವೀಪದಲ್ಲಿ ದಿಗ್ಬಂಧನ, ಎಲ್ಲಾ ನಿರ್ಬಂಧ ತೆಗೆದಿದ್ದು 1998ರಲ್ಲಿ. ಪತ್ರಿಕೆಗಳ ಮೇಲೆ ವರ್ಷ ವರ್ಷ ಲೈಸೆನ್ಸಿನ ಹಗ್ಗ. 1959ರಿಂದ ಇವತ್ತಿನ ತನಕ ಒಂದೇ ಪಕ್ಷ. ಹುಸೇನ್ ಸುಲ್ತಾನನ ವಂಶದೋರು ಕಂಪೋಂಗ್ ಗ್ಲಾಮಿನ ಹಳೇ ಅರಮನೇಲಿ ತೊಂಬತ್ತರ ದಶಕದ ಕೊನೇ ತನಕ ಇದ್ರು, ಅವರನ್ನ ಎಬ್ಬಿಸಿ ಅದನ್ನ ಮ್ಯೂಸಿಯಂ ಮಾಡಿದ್ರು.

ಉಳಿದಿದ್ದು ನೀರು. 1962ರ ಒಪ್ಪಂದದ ಪ್ರಕಾರ ಪಕ್ಕದ ಮಲೇಷ್ಯಾದಲ್ಲಿರೋ ಜೋಹೋರ್ ನದಿಯಿಂದ ದಿನಕ್ಕೆ 25 ಕೋಟಿ ಗ್ಯಾಲನ್ ತನಕ ತಗೋಬಹುದು, ಸಾವಿರ ಗ್ಯಾಲನ್ನಿಗೆ 3 ಸೆನ್, ಅಂದ್ರೆ ಮಲೇಷ್ಯಾದ ಪೈಸೆ, ನಮ್ಮ ಲೆಕ್ಕದಲ್ಲಿ ಒಂದು ರೂಪಾಯಿನೂ ಇಲ್ಲ. ಅದರಲ್ಲಿ ಸ್ವಲ್ಪ ಶುದ್ಧ ಮಾಡಿ 50 ಸೆನ್‌ಗೆ ಜೋಹೋರ್‌ಗೇ ವಾಪಸ್ ಮಾರ್ತಾರೆ, ಮಲೇಷ್ಯಾದೋರಿಗೆ ಇದು ನೆನಪಾದಾಗೆಲ್ಲ ಉರಿ. ಕಾವೇರಿ ನೋಡಿದ ನಮಗೆ ಈ ಜಗಳ ಬಿಡಿಸಿ ಹೇಳಬೇಕಾಗಿಲ್ಲ. ಒಪ್ಪಂದ 2061ಕ್ಕೆ ಮುಗಿಯುತ್ತೆ, ಅದಕ್ಕೇ ಸಿಂಗಾಪುರ ಈಗ ಚರಂಡಿ ನೀರನ್ನ ಶುದ್ಧ ಮಾಡುತ್ತೆ, ಸಮುದ್ರದ ನೀರಿನ ಉಪ್ಪು ತೆಗೆಯುತ್ತೆ, ಬಿದ್ದ ಮಳೆ ಹಿಡಿಯುತ್ತೆ. ಜೋಹೋರ್‌ಗೆ ಹೋಗೋ ಬಸ್ಸಲ್ಲಿ ಕಿಟಕಿ ಪಕ್ಕ ಕೂತ್ರೆ ಕಾಸ್‌ವೇ ಅನ್ನೋ, ಸಮುದ್ರಕ್ಕೆ ಅಡ್ಡ ಹಾಕಿರೋ ಆ ಒಂದು ಕಿಲೋಮೀಟರ್ ರಸ್ತೆ ಉದ್ದಕ್ಕೂ ದಪ್ಪ ದಪ್ಪ ಪೈಪುಗಳು ನಿಮ್ಮ ಜತೆಗೇ ಬರ್ತಾವೆ. 1942ರ ಜನವರಿ ಕೊನೇಲಿ ಬ್ರಿಟಿಷರು ಹಿಂದೆ ಸರಿದು ಆ ಕಾಸ್‌ವೇ ಒಡೆದಾಗ ಈ ಪೈಪೂ ಒಡೀತು, ಲೀಗೆ ಆಗ 18 ವರ್ಷ, ಸಿಂಗಾಪುರದಲ್ಲೇ ಓದ್ತಿದ್ದ.